ಸ್ನಾಯು, ಮಜ್ಜೆ, ನರ: ಪುಣೆಯ ಪ್ರಶಸ್ತಿಯೊಂದರ ಸಂದರ್ಭದಲ್ಲಿ ಕೆಲವು ಪದವಿಚಾರಗಳು

೧

ಪುಣೆಯಲ್ಲಿ ಸಂಶೋಧನೆ ನಡೆಸುತ್ತಿರುವ ಕನ್ನಡದ ವಿದ್ಯಾರ್ಥಿಯೊಬ್ಬರು ನಮಗೆ ಬರೆದ ಪತ್ರವೊಂದು ಪ್ರಸ್ತುತ ಲೇಖನಕ್ಕೆ ನಿಮಿತ್ತ. ಆ ನಗರದ ಪಾಷಾಣ್ ಪ್ರದೇಶದಲ್ಲಿರುವ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಯ (ಐಸರ್) ಪ್ರಾಧ್ಯಾಪಕ ಸಿದ್ಧೇಶ್ ಕಾಮತ್ ಅವರಿಗೆ ೨೦೨೪ನೆಯ ಸಾಲಿನ ಇನ್ಫೋಸಿಸ್ ಪ್ರಶಸ್ತಿಯು ಜೀವವಿಜ್ಞಾನ ವಿಭಾಗದಲ್ಲಿ ಸಂದಿತು. ಲಿಪಿಡ್ ಎಂಬ ಸ್ನಿಗ್ಧ ಪದಾರ್ಥಗಳು ಜೀವಕೋಶಗಳ ನಡುವೆ ಸಂಕೇತಗಳಾಗಿ ವರ್ತಿಸುವ ಬಗೆಯನ್ನೂ, ಆ ವ್ಯವಸ್ಥೆ ಕೆಟ್ಟಾಗ ನರಮಂಡಲಕ್ಕೆ ಒದಗುವ ರೋಗಗಳನ್ನೂ ಕುರಿತ ಸಂಶೋಧನೆ ಅವರದು. ಈ ಪ್ರಶಸ್ತಿಯನ್ನು ಪಡೆದವರು ಸಾರ್ವಜನಿಕ ಉಪನ್ಯಾಸಗಳನ್ನು ನೀಡುವ ಸಂಪ್ರದಾಯವುಂಟು. ಅಂತಹ ಉಪನ್ಯಾಸದ ವಿಷಯವನ್ನು ತಮ್ಮ ಮನೆಯ ಹಿರಿಯರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆಯಬೇಕೆಂಬುದು ಆ ವಿದ್ಯಾರ್ಥಿಯ ಅಪೇಕ್ಷೆ. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಮರಾಠಿಯನ್ನೂ ಆಡುತ್ತ ನಾಲ್ಕು ದಶಕಗಳನ್ನು ಪುಣೆಯಲ್ಲಿ ಕಳೆದ ಹಿರಿಯರು ಅವರು. ಪತ್ರದ ಕೊನೆಯಲ್ಲಿ ಐದಾರು ಪಾರಿಭಾಷಿಕ ಪದಗಳ ಪಟ್ಟಿಯಿತ್ತು. ಅದರ ಕೆಳಗೆ ಒಂದೇ ಪ್ರಶ್ನೆ: ಇವಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ನಮ್ಮ ವ್ಯಾಸಂಗದ ಕ್ಷೇತ್ರ ಮಧ್ಯಕಾಲೀನ ಸಾಹಿತ್ಯ. ನರವಿಜ್ಞಾನದಲ್ಲಿ ನಮಗೆ ಅಧಿಕಾರವಿಲ್ಲ. ಆದರೂ ಈ ಪ್ರಶ್ನೆಗೆ ಉತ್ತರಿಸುವ ಹೊಣೆಯನ್ನು ನಾವು ಹೊತ್ತುಕೊಂಡದ್ದಕ್ಕೆ ಒಂದು ಕಾರಣವುಂಟು. ಅದನ್ನು ಮೊದಲೇ ಹೇಳಿಬಿಡುವುದು ಉಚಿತ.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ಸಕ್ಕರೆ ಕಾಯಿಲೆಯವರಿಗಾಗಿ ಸಿದ್ಧವಾಗಿದ್ದ ಕಿರುಹೊತ್ತಗೆಯೊಂದನ್ನು ಹಿಂದಿಯಿಂದ ಕನ್ನಡಕ್ಕೆ ತರುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಮೂಲದಲ್ಲಿ ಹಳೆಯ ರೂಢಿಯಂತೆ ‘ಸ್ನಾಯು’ ಎಂಬ ಪದವು ನರ ಎಂಬ ಅರ್ಥದಲ್ಲಿ ಪ್ರಯೋಗವಾಗಿತ್ತು. ತತ್ಸಮ ಪದವಲ್ಲವೇ, ಎರಡೂ ಭಾಷೆಗಳಲ್ಲಿ ಒಂದೇ ಎಂಬ ಉದಾಸೀನದಿಂದ ನಾವು ಅದನ್ನು ಹಾಗೆಯೇ ಉಳಿಸಿದೆವು. ಪಾದದ ಸ್ನಾಯುಗಳು ದುರ್ಬಲವಾಗುತ್ತವೆ ಎಂದು ಕನ್ನಡದಲ್ಲಿ ಅಚ್ಚಾಯಿತು. ನಮ್ಮ ಸೋದರಮಾವನವರು ಅದನ್ನು ಅಭಿಮಾನದಿಂದ ಓದಿದರು. ಅವರಿಗೂ ಆ ಕಾಯಿಲೆಯಿತ್ತು, ಪಾದಗಳು ಜೋಮು ಹಿಡಿಯುತ್ತಿದ್ದವು. ಕನ್ನಡದಲ್ಲಿ ಸ್ನಾಯುವೆಂದರೆ ಮಾಂಸಖಂಡ. ಮಾಂಸಖಂಡದ ಬಳಲಿಕೆಗೆ ಎಣ್ಣೆ, ನೀವುವಿಕೆ, ಬಿಸಿನೀರು ಎಂದು ಅವರು ಭಾವಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸ್ಪರ್ಶಜ್ಞಾನವನ್ನು ಕಳೆದುಕೊಂಡಿದ್ದ ಪಾದಗಳನ್ನು ಅವರು ಸುಡುವ ನೀರಿನಲ್ಲಿ ಇಟ್ಟುಕೊಂಡು ಕುಳಿತಿದ್ದರು. ನೀರು ಸುಡುತ್ತಿದೆಯೆಂಬುದು ಅವರಿಗೆ ತಿಳಿಯಲೇ ಇಲ್ಲ. ಗಾಯ ಮಾಯಲು ಎಂಟು ತಿಂಗಳು ಹಿಡಿಯಿತು. ಎರಡು ಬೆರಳುಗಳು ಹೋದವು. ಅವರು ಆ ಹೊತ್ತಗೆಯ ಮಾತನ್ನು ನಮ್ಮೆದುರು ಎಂದೂ ಎತ್ತಲಿಲ್ಲ.

ಅಂದಿನಿಂದ ನಾವು ಈ ಕೆಲವು ಪದಗಳ ಚರಿತ್ರೆಯನ್ನು ಬಿಡುವಿದ್ದಾಗಲೆಲ್ಲ ಹಿಂಬಾಲಿಸುತ್ತ ಬಂದಿದ್ದೇವೆ. ಪುಣೆಯ ಪತ್ರವು ಆ ಟಿಪ್ಪಣಿಗಳನ್ನು ಒಂದೆಡೆ ಸೇರಿಸಲು ಅವಕಾಶವಿತ್ತಿತು.

೨

ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಸ್ನಾಯುವಿನ ಅರ್ಥ ಸ್ಪಷ್ಟವಾಗಿದೆ. ಸುಶ್ರುತಸಂಹಿತೆಯ ಶಾರೀರಸ್ಥಾನವು ದೇಹದಲ್ಲಿ ೭೦೦ ಸಿರೆಗಳನ್ನೂ ೯೦೦ ಸ್ನಾಯುಗಳನ್ನೂ ೫೦೦ ಪೇಶಿಗಳನ್ನೂ ೨೧೦ ಸಂಧಿಗಳನ್ನೂ ಎಣಿಸುತ್ತದೆ. ಹಲಗೆಗಳನ್ನು ಹಗ್ಗಗಳಿಂದ ಬಿಗಿದಾಗ ಮಾತ್ರ ದೋಣಿಯು ನೀರಿನ ಮೇಲೆ ಭಾರ ಹೊರಬಲ್ಲುದು, ಸಂಧಿಗಳನ್ನು ಸ್ನಾಯುಗಳು ಬಿಗಿದಿರುವುದರಿಂದಲೇ ಮನುಷ್ಯ ಭಾರ ಹೊರುತ್ತಾನೆ ಎಂಬ ಉಪಮೆ ಅಲ್ಲಿದೆ. ಹಗ್ಗದಂತೆ ಕಟ್ಟುವ ವಸ್ತು ಎಂಬ ಈ ವಿವರಣೆಯಿಂದ ಸ್ನಾಯುವೆಂದರೆ ಕಟ್ಟುನಾರು, ಮಾಂಸಪೇಶಿಯೂ ಅಲ್ಲ, ನರವೂ ಅಲ್ಲ ಎಂಬುದು ಸಿದ್ಧವಾಗುತ್ತದೆ. ಪೇಶಿಗೆ ಸುಶ್ರುತನಲ್ಲಿ ಬೇರೆಯ ಪದ, ಬೇರೆಯ ಲೆಕ್ಕ ಇದೆ.

ಆಧುನಿಕ ಭಾಷೆಗಳು ಈ ಪದವನ್ನು ತಮತಮಗೆ ತೋಚಿದ ಕಡೆಗೆ ಎಳೆದೊಯ್ದಿವೆ. ಬಂಗಾಳಿಯಲ್ಲಿ ಸ್ನಾಯುವೆಂದರೆ ನರ. ಹಿಂದಿಯ ಹಳೆಯ ಬರವಣಿಗೆಯಲ್ಲಿಯೂ ಅದೇ. ೧೯೬೧ರಲ್ಲಿ ಸ್ಥಾಪಿತವಾದ ವೈಜ್ಞಾನಿಕ ಮತ್ತು ತಾಂತ್ರಿಕ ಪಾರಿಭಾಷಿಕ ಆಯೋಗವು ನರಕ್ಕೆ ‘ತಂತ್ರಿಕಾ’ ಎಂಬ ಪದವನ್ನು ನಿಗದಿಪಡಿಸಿ, ಸ್ನಾಯುವನ್ನು ಸುಶ್ರುತನ ಕಟ್ಟುನಾರಿನ ಅರ್ಥಕ್ಕೆ ಮರಳಿಸಿತು. ಗುಜರಾತಿಯಲ್ಲಿ ನರಕ್ಕೆ ‘ಜ್ಞಾನತಂತು’. ಕನ್ನಡ ಮತ್ತು ಮರಾಠಿಗಳಲ್ಲಿ ಸ್ನಾಯುವೆಂದರೆ ಮಾಂಸಖಂಡ. ಹೀಗೆ ಒಂದೇ ತತ್ಸಮ ಪದವು ಕೋಲ್ಕತ್ತದಲ್ಲಿ ಹೊರಟು ಪುಣೆ ಬೆಂಗಳೂರುಗಳನ್ನು ತಲುಪುವಷ್ಟರಲ್ಲಿ ದೇಹದ ಒಂದು ಅಂಗವನ್ನು ಬಿಟ್ಟು ಮತ್ತೊಂದು ಅಂಗವನ್ನು ಸೇರಿರುತ್ತದೆ. ತತ್ಸಮಗಳು ಭಾರತೀಯ ಭಾಷೆಗಳ ಸಾಮಾನ್ಯ ಸಂಪತ್ತೆಂದು ನಂಬಿ ಪರಿಭಾಷೆಯನ್ನು ಕಟ್ಟಲು ಹೊರಟವರು ಈ ಒಂದು ಉದಾಹರಣೆಯನ್ನು ಗಮನಿಸಬೇಕು.

ಇದು ನಮ್ಮ ಭಾಷೆಗಳಿಗೆ ಮಾತ್ರ ಒದಗಿದ ಗೊಂದಲವೆಂದು ಭಾವಿಸಬೇಕಾಗಿಲ್ಲ. ನ್ಯೂರಾನ್ ಎಂಬ ಪದದ ಮೂಲವಾದ ಗ್ರೀಕ್ ಶಬ್ದಕ್ಕೂ ಕಟ್ಟುನಾರು, ಬಿಲ್ಲಿನ ಹೆದೆ ಎಂಬುವೇ ಹಳೆಯ ಅರ್ಥಗಳು. ಅರಿಸ್ಟಾಟಲನು ಆ ಶಬ್ದವನ್ನು ಬಳಸುವುದು ನಾರಿನ ಅರ್ಥದಲ್ಲಿಯೇ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೆರೋಫಿಲಸ್ ಮತ್ತು ಎರಾಸಿಸ್ಟ್ರಾಟಸ್ ಎಂಬ ಅಂಗರಚನಾಶಾಸ್ತ್ರಜ್ಞರು ಸಂವೇದನೆಯನ್ನು ಒಯ್ಯುವ ನರಗಳನ್ನೂ ಚಲನೆಯನ್ನು ಉಂಟುಮಾಡುವ ನರಗಳನ್ನೂ ಬೇರೆಬೇರೆಯಾಗಿ ಗುರುತಿಸಿದರು. ವಸ್ತುವನ್ನು ಹೊಸದಾಗಿ ಕಂಡರೂ ಅದಕ್ಕೆ ಹೊಸ ಹೆಸರು ಹುಟ್ಟಲಿಲ್ಲ, ಹಳೆಯ ನಾರಿನ ಹೆಸರೇ ಮುಂದುವರಿಯಿತು. ಲ್ಯಾಟಿನ್ನಿನ ನೆರ್ವಸ್ ಶಬ್ದದ ಕಥೆಯೂ ಇದೇ.

ಕನ್ನಡದ ‘ನರ’ದ ಚರಿತ್ರೆಯೂ ಇದಕ್ಕಿಂತ ಬೇರೆಯಲ್ಲ. ತಮಿಳಿನ ನರಂಬು, ಮಲೆಯಾಳದ ಞರಂಬು, ತೆಲುಗಿನ ನರಮು, ಕನ್ನಡದ ನರ, ನರವು ಇವೆಲ್ಲ ಒಂದೇ ಬುಡದವು. ಬರೋ ಮತ್ತು ಎಮಿನೊ ಅವರ ದ್ರಾವಿಡ ವ್ಯುತ್ಪತ್ತಿಕೋಶವು ಇವನ್ನು ಒಂದೆಡೆ ತರುತ್ತದೆ. ತಮಿಳಿನಲ್ಲಿ ನರಂಬು ಎಂದರೆ ಯಾೞ್ ವಾದ್ಯದ ತಂತಿಯೂ ಹೌದು. ಮೀಟಿದರೆ ನುಡಿಯುವ, ಬಿಗಿದರೆ ಕಟ್ಟುವ ನಾರು ಎಂಬುದೇ ಮೂಲಾರ್ಥ. ಹಳಗನ್ನಡದ ಕವಿಗಳ ಅಂಗರಚನಾಜ್ಞಾನ ಬಹುಮಟ್ಟಿಗೆ ರಣರಂಗದಿಂದ ಬಂದದ್ದು. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಹೆಣಗಳ ನಡುವೆ ಹಾದು ಹೋಗುವಾಗ ಎದುರಾಗುವ ಮರುಳುಗಳು ಬೇಡವೆಂದರೂ ನಮಗೆ ದೇಹದ ಒಳಗನ್ನು ತೋರಿಸುತ್ತವೆ. ಅಂತಹ ಕಣ್ಣಿಗೆ ನರ, ನಾರು, ರಕ್ತನಾಳ ಎಲ್ಲವೂ ದಾರದಂತಹ ವಸ್ತುಗಳೇ.

ಆ ಗುರುತು ಇಂದಿಗೂ ಅಳಿಸಿಲ್ಲ. ಆಸ್ಪತ್ರೆಯಲ್ಲಿ ರಕ್ತ ತೆಗೆಯಲು ಬಂದ ದಾದಿಯು ‘ನರ ಸಿಗುತ್ತಿಲ್ಲ’ ಎನ್ನುವಾಗ ಅವರು ಹುಡುಕುತ್ತಿರುವುದು ಅಭಿಧಮನಿಯನ್ನು. ‘ನರದೌರ್ಬಲ್ಯ’ವೆಂದು ಗೋಡೆಗಳ ಮೇಲೆ ಜಾಹೀರಾತು ಬರೆಸುವವರು ಯಾವುದನ್ನು ಉದ್ದೇಶಿಸಿರುತ್ತಾರೆಂಬುದು ವಾಚಕರಿಗೆ ವಿದಿತವೇ.

ಇನ್ನೊಂದು ವಿನೋದವನ್ನೂ ಇಲ್ಲಿಯೇ ಹೇಳಬಹುದು. ಸಂಸ್ಕೃತದಲ್ಲಿ ನರನೆಂದರೆ ಮನುಷ್ಯ, ಭಾರತದ ಕವಿಗಳಿಗೆ ಅರ್ಜುನ. ‘ನರವ್ಯೂಹ’ವೆಂಬ ಇಂದಿನ ಪಠ್ಯಪುಸ್ತಕದ ಪದವನ್ನು ಕುಮಾರವ್ಯಾಸನ ಕಾಲದ ಓದುಗನೊಬ್ಬನಿಗೆ ತೋರಿಸಿದರೆ ಆತನು ಪದ್ಮವ್ಯೂಹದಂತಹ ಮತ್ತೊಂದು ಸೇನಾರಚನೆಯೆಂದು ತಿಳಿದಾನು. ನರವಿಜ್ಞಾನವನ್ನು ಮನುಷ್ಯಶಾಸ್ತ್ರವೆಂದು ಭಾವಿಸಿಯಾನು. ಕನ್ನಡದ ನರವನ್ನು ಸಂಸ್ಕೃತದ ವಿಜ್ಞಾನಕ್ಕೆ ಜೋಡಿಸುವುದು ಅರಿಸಮಾಸವೆಂದು ಕೇಶಿರಾಜನು ಆಕ್ಷೇಪಿಸದೆ ಇರುತ್ತಿರಲಿಲ್ಲ. ಆದರೂ ಪದ ನಿಂತಿದೆ, ಕೆಲಸ ಮಾಡುತ್ತಿದೆ. ‘ಬೆನ್ನುಹುರಿ’ಯಂತಹ ನಿರ್ದುಷ್ಟ ರಚನೆಗಳು ಎಲ್ಲ ಸಂದರ್ಭಗಳಲ್ಲಿಯೂ ಸಿಗುವುದಿಲ್ಲ.

೩

ಪತ್ರ ಬರೆದ ವಿದ್ಯಾರ್ಥಿಯ ಹಿರಿಯರಿಗೆ ಬಾಯಲ್ಲಿ ನಿಂತಿರುವ ಪದ ಮರಾಠಿಯದು. ಪುಣೆಯಲ್ಲಿ ನರಮಂಡಲವೆಂದರೆ ‘ಮಜ್ಜಾಸಂಸ್ಥಾ’, ನರವು ‘ಮಜ್ಜಾತಂತು’, ಬೆನ್ನುಹುರಿಯು ‘ಮಜ್ಜಾರಜ್ಜು’. ಮಜ್ಜೆಯೆಂದರೆ ಮೂಳೆಯೊಳಗಿನ ಮೃದುವಾದ ಕೊಬ್ಬಿನಂತಹ ವಸ್ತುವೆಂದೇ ತಿಳಿದ ಕನ್ನಡಿಗನಿಗೆ ಇದು ಮೊದಲು ವಿಚಿತ್ರವಾಗಿ ಕಾಣುತ್ತದೆ. ವಿಚಾರಿಸಿದರೆ ಅಷ್ಟು ವಿಚಿತ್ರವಲ್ಲ. ಕನ್ನಡದ ಮಿದುಳು ಎಂಬ ಪದಕ್ಕೂ ತಲೆಯ ಮಿದುಳು, ಮೂಳೆಯ ಮಜ್ಜೆ ಎಂಬ ಎರಡೂ ಅರ್ಥಗಳಿದ್ದವು. ತಮಿಳಿನ ಮೂಳೈ ಶಬ್ದಕ್ಕೂ ಹಾಗೆಯೇ. ಗಟ್ಟಿಯಾದ ಚಿಪ್ಪಿನೊಳಗೆ ಮೆತ್ತಗಿನ ಪದಾರ್ಥವನ್ನು ಕಂಡ ಜನ ಅದು ತಲೆಬುರುಡೆಯಲ್ಲಿರಲಿ ಕಾಲಿನ ಮೂಳೆಯಲ್ಲಿರಲಿ ಒಂದೇ ಹೆಸರಿನಿಂದ ಕರೆದರು. ಚರಕಸಂಹಿತೆಯು ದೇಹದ ಪದಾರ್ಥಗಳನ್ನು ಅಂಜಲಿಯ ಅಳತೆಯಲ್ಲಿ ಲೆಕ್ಕ ಹಾಕುವಾಗ ಮೇದಸ್ಸಿಗೆ ಎರಡು, ಮಜ್ಜೆಗೆ ಒಂದು, ಮಸ್ತಿಷ್ಕಕ್ಕೆ ಅರ್ಧ ಅಂಜಲಿಯೆನ್ನುತ್ತದೆ. ಮಿದುಳು ಅಲ್ಲಿ ಸ್ನಿಗ್ಧ ಪದಾರ್ಥಗಳ ಪಂಕ್ತಿಯಲ್ಲಿಯೇ ಕುಳಿತಿದೆ.

ಯುರೋಪಿನಲ್ಲಿಯೂ ಮಜ್ಜೆಯ ಹೆಸರು ನರಕ್ಕೆ ತಗುಲಿತು. ನರತಂತುಗಳ ಸುತ್ತ ಕವಚದಂತಿರುವ ಬೆಳ್ಳನೆಯ ಪದಾರ್ಥಕ್ಕೆ ೧೮೫೪ರಲ್ಲಿ ರೂಡೊಲ್ಫ್ ವಿರ್ಖೋ ‘ಮಯಲಿನ್’ ಎಂದು ಹೆಸರಿಟ್ಟನು. ಗ್ರೀಕಿನ ಮ್ಯುಯೆಲೊಸ್, ಅಂದರೆ ಮಜ್ಜೆ, ಅದರ ಮೂಲ. ಮರಾಠಿಯ ಪಂಡಿತರೂ ಜರ್ಮನಿಯ ವೈದ್ಯನೂ ಒಂದೇ ರೂಪಕಕ್ಕೆ ಕೈಚಾಚಿದರು.

ಈ ಬೆಣ್ಣೆಯಂತಹ ಪದಾರ್ಥದೊಳಗೆ ಏನಿದೆಯೆಂದು ತಿಳಿಯಲು ಒಬ್ಬ ವ್ಯಕ್ತಿ ತನ್ನ ಬಾಳಿನ ಬಹುಭಾಗವನ್ನು ಸವೆಸಿದನು. ಜರ್ಮನಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲಸಿದ ಯೋಹಾನ್ ಥುಡಿಕುಮ್ ಎಂಬ ಆ ವೈದ್ಯನ ಹೆಸರು ನಮ್ಮಲ್ಲಿ ಪ್ರಚಾರದಲ್ಲಿಲ್ಲ. ಮಿದುಳು ‘ಪ್ರೋಟಾಗಾನ್’ ಎಂಬ ಒಂದೇ ಮಹಾವಸ್ತುವಿನಿಂದಾದುದು ಎಂಬ ವಾದವನ್ನು ೧೮೬೫ರಲ್ಲಿ ಆಸ್ಕರ್ ಲೀಬ್ರೈಖ್ ಮಂಡಿಸಿದ್ದನು. ವಿದ್ವನ್ಮಂಡಲಿ ಅದನ್ನು ಒಪ್ಪಿಕೊಂಡಿತ್ತು. ಥುಡಿಕುಮ್ ದನಗಳ ಮತ್ತು ಮನುಷ್ಯರ ಮಿದುಳುಗಳನ್ನು ಮದ್ಯಸಾರ, ಈಥರುಗಳಲ್ಲಿ ಮತ್ತೆ ಮತ್ತೆ ಕರಗಿಸಿ, ಸೋಸಿ, ಹರಳುಗಟ್ಟಿಸಿ, ಪ್ರೋಟಾಗಾನ್ ಒಂದು ವಸ್ತುವಲ್ಲ, ಹಲವು ಲಿಪಿಡುಗಳ ಮಿಶ್ರಣವೆಂದು ತೋರಿಸಿದನು. ೧೮೮೪ರಲ್ಲಿ ಮಿದುಳಿನ ರಾಸಾಯನಿಕ ರಚನೆಯನ್ನು ಕುರಿತ ಅವನ ಗ್ರಂಥ ಹೊರಬಂದಿತು. ಅದರಲ್ಲಿ ಅವನು ವಿವರಿಸಿದ ಪದಾರ್ಥಗಳಲ್ಲಿ ಒಂದು ಎಷ್ಟು ಬಿಡಿಸಿದರೂ ಒಗಟಾಗಿಯೇ ಉಳಿದುದರಿಂದ, ಒಗಟು ಹಾಕುವ ಗ್ರೀಕ್ ಪುರಾಣದ ಸ್ಫಿಂಕ್ಸ್ ಪ್ರಾಣಿಯನ್ನು ನೆನೆದು ‘ಸ್ಫಿಂಗೋಸಿನ್’ ಎಂದು ಕರೆದನು. ಸಮಕಾಲೀನರು ಅವನನ್ನು ಲೇವಡಿ ಮಾಡಿದರು. ೧೯೦೧ರಲ್ಲಿ ಅವನು ತೀರಿಕೊಂಡ ಮೇಲೆಯೇ ಪ್ರೋಟಾಗಾನ್ ವಾದ ಪೂರ್ತಿಯಾಗಿ ಬಿದ್ದುಹೋಯಿತು.  ಆದರೆ ನೀರನ್ನು ಬಿಟ್ಟರೆ ಮಿದುಳಿನ ಉಳಿದ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಲಿಪಿಡ್ಡೇ ಎಂದು ಇಂದು ಯಾರಾದರೂ ಸಲೀಸಾಗಿ ಹೇಳಿದರೆ ಅದರ ಹಿಂದೆ ಅವನ ಸೀಸೆಗಳಿವೆ.

ಪುಣೆಯ ಸಂಶೋಧನೆ ಈ ಪರಂಪರೆಗೆ ಸೇರಿದ್ದು. ಆದರೆ ಥುಡಿಕುಮ್‌ನ ಕಾಲದ ಪ್ರಶ್ನೆ ಮಿದುಳಿನಲ್ಲಿ ಏನಿದೆ ಎಂಬುದಾಗಿತ್ತು. ಇಂದಿನ ಪ್ರಶ್ನೆ ಆ ಪದಾರ್ಥಗಳು ಏನು ಹೇಳುತ್ತವೆ ಎಂಬುದು. ೨೦೧೦ರಲ್ಲಿ ನಾರ್ವೆಯ ಸಂಶೋಧಕರ ನೇತೃತ್ವದ ತಂಡವೊಂದು ಅಪರೂಪದ ಆನುವಂಶಿಕ ರೋಗವೊಂದರ ಕಾರಣವನ್ನು ಪತ್ತೆ ಹಚ್ಚಿತು. ಕೈಕಾಲುಗಳ ನರಗಳು ಕ್ಷೀಣಿಸುವುದು, ಕಿವುಡು, ನಡಿಗೆಯ ಹೊಂದಿಕೆ ತಪ್ಪುವುದು, ಅಕ್ಷಿಪಟಲ ನಶಿಸುವುದು, ಕಣ್ಣಿಗೆ ಪೊರೆ ಬರುವುದು ಈ ಐದರ ಆದ್ಯಕ್ಷರಗಳನ್ನು ಕೂಡಿಸಿ ಅದಕ್ಕೆ ‘ಫಾರ್ಕ್’ ಎಂದು ಹೆಸರು. ‘ಎಬಿಎಚ್‌ಡಿ೧೨’ ಎಂಬ ಕಿಣ್ವವನ್ನು ರೂಪಿಸುವ ಜೀನಿನಲ್ಲಿ ದೋಷವಿದ್ದರೆ ಈ ರೋಗ ಬರುತ್ತದೆ. ಆ ಕಿಣ್ವವಿಲ್ಲದ ಇಲಿಗಳ ಮಿದುಳಿನಲ್ಲಿ ‘ಲೈಸೋಫಾಸ್ಫಟೈಡಿಲ್‌ಸೆರೀನ್’ ಎಂಬ ಲಿಪಿಡ್ ಶೇಖರವಾಗುತ್ತ ಹೋಗಿ, ರೋಗನಿರೋಧದ ಕೋಶಗಳು ಕೆರಳಿ, ವಯಸ್ಸಾದಂತೆ ಕಿವಿಯೂ ಕಾಲೂ ಸೋಲುತ್ತವೆಂದು ೨೦೧೩ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಬೆಂಜಮಿನ್ ಕ್ರಾವಟ್ ಅವರ ಪ್ರಯೋಗಾಲಯ ತೋರಿಸಿತು. ಅದೇ ಪ್ರಯೋಗಾಲಯದಲ್ಲಿದ್ದ ಕಾಮತ್ ಮತ್ತು ಸಂಗಡಿಗರು, ಈ ಲಿಪಿಡನ್ನು ಉಂಟುಮಾಡುವ ಕೆಲಸ ಮತ್ತೊಂದು ಕಿಣ್ವದ್ದು, ಎಬಿಎಚ್‌ಡಿ೧೨ ಅದನ್ನು ಒಡೆಯುತ್ತದೆ, ಎರಡರ ನಡುವಿನ ತೂಗಾಟದಿಂದ ಅದರ ಪ್ರಮಾಣ ನಿಯಂತ್ರಿತವಾಗುತ್ತದೆಯೆಂದು ೨೦೧೫ರಲ್ಲಿ ಪ್ರಕಟಿಸಿದರು. ಪುಣೆಗೆ ಬಂದ ಮೇಲೆ ಅವರು ಮುಂದುವರಿಸಿದ ಕಾರ್ಯ ಈ ಲಿಪಿಡುಗಳ ಸಂಕೇತಗಳನ್ನೇ ಕುರಿತದ್ದು.

ಈ ಹಂತದಲ್ಲಿ ಒಂದು ಎಚ್ಚರಿಕೆ ಅವಶ್ಯ. ಮಿದುಳು ಸ್ನಿಗ್ಧವೆಂದು ಚರಕನು ಹೇಳಿದ್ದನು, ಮರಾಠಿಯು ಅದನ್ನು ಮಜ್ಜೆಯೆಂದಿತು, ಆದ್ದರಿಂದ ಲಿಪಿಡುಗಳ ವಿಜ್ಞಾನ ನಮಗೆ ಮೊದಲೇ ತಿಳಿದಿತ್ತು ಎಂಬ ವಾದ ಹುಟ್ಟಲು ಹೆಚ್ಚು ಹೊತ್ತು ಬೇಕಾಗದು. ಕಣ್ಣಿಗೆ ಕಂಡ ಮೆತ್ತಗಿನ ಗುಣಕ್ಕೆ ಇಟ್ಟ ಹೆಸರು ಒಂದು, ಕಿಣ್ವದ ಕ್ರಿಯೆಯನ್ನು ಅಳೆದು ಕಂಡ ಸತ್ಯ ಮತ್ತೊಂದು. ೧೯೨೭ರಲ್ಲಿ ಮುಂಬಯಿಯ ವೈದ್ಯ ವಸಂತ ರೇಳೆ ಕುಂಡಲಿನಿಯನ್ನು ದೇಹದ ವೇಗಸ್ ನರವೆಂದೇ ಸಾಧಿಸಲು ಒಂದು ಗ್ರಂಥವನ್ನು ಬರೆದರು. ಪರಿಶ್ರಮದ ಕೃತಿಯೇ ಸರಿ. ಆದರೆ ಅದರಿಂದ ಯೋಗಶಾಸ್ತ್ರಕ್ಕೂ ಲಾಭವಾಗಲಿಲ್ಲ, ನರಶಾಸ್ತ್ರಕ್ಕೂ ಲಾಭವಾಗಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಶರಣರ ವಚನಗಳಲ್ಲಿ ಬರುವ ಇಡಾ, ಪಿಂಗಳಾ, ಸುಷುಮ್ನಾ ನಾಡಿಗಳನ್ನು ಛೇದನಮೇಜಿನ ಮೇಲೆ ಹುಡುಕುವುದು ಸಾಧಕನ ಅನುಭವಕ್ಕೆ ಮಾಡುವ ಅವಮಾನ. ವಚನಗಳನ್ನು ಮೂರು ದಶಕಗಳ ಕಾಲ ಪಾಠ ಹೇಳಿದ ಅನುಭವದಿಂದ ಈ ಮಾತನ್ನು ಹೇಳುತ್ತಿದ್ದೇವೆ.

೪

ಪಟ್ಟಿಯಲ್ಲಿ ನಮ್ಮನ್ನು ಹೆಚ್ಚು ಕಾಲ ತಡೆದು ನಿಲ್ಲಿಸಿದ ಪದ ‘ಸಿನಾಪ್ಸ್’. ಒಂದು ನರಕೋಶವು ಇನ್ನೊಂದನ್ನು ಎದುರುಗೊಳ್ಳುವ ತಾಣಕ್ಕೆ ಈ ಹೆಸರು. ಕನ್ನಡದಲ್ಲಿ ‘ನರಸಂಧಿ’ಯೆನ್ನಬಹುದಲ್ಲವೇ ಎಂದು ವಿದ್ಯಾರ್ಥಿ ಸೂಚಿಸಿದ್ದರು. ಕಿವಿಗೆ ಹಿತವಾದ ಪದ. ಇದನ್ನು ಒಪ್ಪಬೇಕೆ ಬಿಡಬೇಕೆ ಎಂಬುದಕ್ಕೆ ನರವಿಜ್ಞಾನದ ಅತ್ಯಂತ ಪ್ರಸಿದ್ಧವಾದ ಎರಡು ಪ್ರಶಸ್ತಿ ಉಪನ್ಯಾಸಗಳನ್ನು ನೋಡಬೇಕಾಗುತ್ತದೆ.

೧೯೦೬ರ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಇಟಲಿಯ ಕಮಿಲೊ ಗಾಲ್ಜಿ ಮತ್ತು ಸ್ಪೇನಿನ ಸಾಂತಿಯಾಗೊ ರಮೋನ್ ಇ ಕಹಾಲ್ ಹಂಚಿಕೊಂಡರು. ನರಕೋಶಗಳನ್ನು ಬೆಳ್ಳಿಯ ಲವಣದಿಂದ ಕಪ್ಪಾಗಿಸಿ ಸೂಕ್ಷ್ಮದರ್ಶಕದಲ್ಲಿ ಕಾಣುವಂತೆ ಮಾಡುವ ವಿಧಾನವನ್ನು ೧೮೭೩ರಲ್ಲಿ ಕಂಡುಹಿಡಿದವನು ಗಾಲ್ಜಿ. ಆ ವಿಧಾನವನ್ನು ೧೮೮೭ರಲ್ಲಿ ಮೊದಲ ಬಾರಿಗೆ ನೋಡಿ, ಸುಧಾರಿಸಿ, ಗುರುವಿನ ಸಿದ್ಧಾಂತಕ್ಕೆ ವಿರುದ್ಧವಾದ ಸಿದ್ಧಾಂತವನ್ನು ಸ್ಥಾಪಿಸಿದವನು ಕಹಾಲ್. ಇಲ್ಲಿ ಗುರುವೆಂಬುದು ಉಪಚಾರದ ಮಾತು, ಏಕೆಂದರೆ ಅವರಿಬ್ಬರ ನಡುವೆ ಇದ್ದುದು ಸಾಧನದ ಸಂಬಂಧ ಮಾತ್ರ. ಗಾಲ್ಜಿಯ ಮತದಲ್ಲಿ ನರತಂತುಗಳೆಲ್ಲ ಒಂದರೊಳಗೊಂದು ಬೆರೆತು ಅಖಂಡವಾದ ಬಲೆಯಾಗಿವೆ. ಕಹಾಲ್‌ನ ಮತದಲ್ಲಿ ಪ್ರತಿಯೊಂದು ನರಕೋಶವೂ ಸ್ವತಂತ್ರ ವ್ಯಕ್ತಿ, ಒಂದು ಇನ್ನೊಂದನ್ನು ಸಮೀಪಿಸುತ್ತದೆಯೇ ಹೊರತು ಅದರಲ್ಲಿ ಲೀನವಾಗುವುದಿಲ್ಲ. ಈ ಸ್ವತಂತ್ರ ಘಟಕಕ್ಕೆ ೧೮೯೧ರಲ್ಲಿ ವಾಲ್ಡೆಯರ್ ‘ನ್ಯೂರಾನ್’ ಎಂದು ಹೆಸರು ಕೊಟ್ಟಿದ್ದನು.

ಸ್ಟಾಕ್‌ಹೋಮಿನಲ್ಲಿ ಡಿಸೆಂಬರ್ ೧೧ರಂದು ಗಾಲ್ಜಿ ಮಾತನಾಡಿದನು. ತನಗೆ ಸಂದ ಗೌರವದ ವೇದಿಕೆಯಲ್ಲಿ ನಿಂತು, ಸಹಭಾಗಿಯು ಅದೇ ಸಭೆಯ ಅತಿಥಿಯಾಗಿರುವಾಗ, ನ್ಯೂರಾನ್ ಸಿದ್ಧಾಂತವನ್ನು ಖಂಡಿಸಲು ಆ ಉಪನ್ಯಾಸವನ್ನು ಮೀಸಲಾಗಿಟ್ಟನು. ಮರುದಿನ ಕಹಾಲ್ ತನ್ನ ಉಪನ್ಯಾಸದಲ್ಲಿ ನ್ಯೂರಾನುಗಳ ರಚನೆಯನ್ನೂ ಸಂಬಂಧಗಳನ್ನೂ ವಿವರಿಸಿದನು. ನಮ್ಮ ವಾದಿರಾಜರ, ವಾದೀಭಸಿಂಹರ ಪರಂಪರೆಯನ್ನು ಬಲ್ಲವರಿಗೆ ಈ ದೃಶ್ಯ ಅಪರಿಚಿತವೆನಿಸದು. ಅರಸನ ಆಸ್ಥಾನದಲ್ಲಾದರೆ ಜಯಪತ್ರ ಒಬ್ಬರಿಗೇ ಸಲ್ಲುತ್ತಿತ್ತು. ಸ್ಟಾಕ್‌ಹೋಮಿನಲ್ಲಿ ಇಬ್ಬರಿಗೂ ಸಂದಿತು. ತೀರ್ಪು ಬಂದದ್ದು ೧೯೫೦ರ ದಶಕದಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಎರಡು ಕೋಶಗಳ ನಡುವಿನ ಅತಿಸೂಕ್ಷ್ಮ ಬಿರುಕನ್ನು ತೋರಿಸಿದಾಗ. ಕಹಾಲ್ ಹೇಳಿದ್ದು ಸರಿಯಾಗಿತ್ತು.

ಆ ತಾಣಕ್ಕೆ ಹೆಸರು ಅದಕ್ಕೆ ಮೊದಲೇ ಬಂದಿತ್ತು. ೧೮೯೭ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್‌ಟನ್ ಪಠ್ಯಪುಸ್ತಕವೊಂದಕ್ಕೆ ಅಧ್ಯಾಯ ಬರೆಯುತ್ತಿದ್ದಾಗ ಒಂದು ಪದ ಬೇಕಾಯಿತು. ಅವನ ಮನಸ್ಸಿನಲ್ಲಿದ್ದುದು ‘ಸಿಂಡೆಸ್ಮ್’, ಎಂದರೆ ಕಟ್ಟು. ಕೇಂಬ್ರಿಜ್‌ನ ಗ್ರೀಕ್ ವಿದ್ವಾಂಸ, ಯೂರಿಪಿಡೀಸನ ನಾಟಕಗಳ ವ್ಯಾಖ್ಯಾನಕಾರ ಆರ್ಥರ್ ವೆರಲ್‌ನನ್ನು ಕೇಳಲಾಗಿ, ಅವನು ‘ಸಿನಾಪ್ಸ್’ ಎಂಬ ಪದವನ್ನು ಸೂಚಿಸಿದನು. ಅಪ್ಪು, ಕೈಹಿಡಿ ಎಂಬ ಅರ್ಥದ ಧಾತುವಿನಿಂದ ಬಂದ ಪದ. ಅದರಿಂದ ವಿಶೇಷಣವನ್ನು ರೂಪಿಸುವುದೂ ಸುಲಭವೆಂಬುದು ಅವನ ವಾದವಾಗಿತ್ತು. ಕಟ್ಟಿದ ಎರಡು ವಸ್ತುಗಳು ಒಂದಾಗಿಬಿಡಬಹುದು. ಕೈಹಿಡಿದ ಇಬ್ಬರು ಇಬ್ಬರಾಗಿಯೇ ಉಳಿಯುತ್ತಾರೆ. ಸಾಹಿತ್ಯದ ಅಧ್ಯಾಪಕನೊಬ್ಬನು ಶರೀರವಿಜ್ಞಾನಿಗೆ ಇತ್ತ ಈ ನೆರವನ್ನು ನೆನೆದಾಗಲೆಲ್ಲ ನಮಗೆ ವೃತ್ತಿಸಹಜವಾದ ಹೆಮ್ಮೆಯಾಗುತ್ತದೆಂದು ಒಪ್ಪಿಕೊಳ್ಳುತ್ತೇವೆ.

ಈ ಹಿನ್ನೆಲೆಯಲ್ಲಿ ‘ನರಸಂಧಿ’ಯನ್ನು ಪರಿಶೀಲಿಸಬೇಕು. ಕನ್ನಡದ ಓದುಗನಿಗೆ ಸಂಧಿಯೆಂದರೆ ಮೊದಲು ನೆನಪಾಗುವುದು ವ್ಯಾಕರಣ. ಕೇಶಿರಾಜನ ಶಬ್ದಮಣಿದರ್ಪಣವು ವಿವರಿಸುವ ಸಂಧಿಯಲ್ಲಿ ಎರಡು ಅಕ್ಷರಗಳು ಕೂಡಿದಾಗ ಒಂದು ಲೋಪವಾಗುತ್ತದೆ, ಇಲ್ಲವೆ ಮೂರನೆಯದೊಂದು ಆಗಮವಾಗುತ್ತದೆ, ಇಲ್ಲವೆ ಒಂದರ ಸ್ಥಾನದಲ್ಲಿ ಇನ್ನೊಂದು ಆದೇಶವಾಗುತ್ತದೆ. ಬೇರೆಯಾಗಿದ್ದವು ಬೆರೆತು ಅಖಂಡವಾಗುತ್ತವೆ. ಇದು ಗಾಲ್ಜಿಯ ಮತ! ಕಹಾಲ್‌ನ ಮತವನ್ನು ನಮ್ಮ ವ್ಯಾಕರಣದಲ್ಲಿ ಹೇಳಬೇಕಾದರೆ ‘ಪ್ರಕೃತಿಭಾವ’ವೆನ್ನಬೇಕು. ಎರಡು ಸ್ವರಗಳು ಎದುರುಬದುರಾಗಿ ನಿಂತರೂ ಸಂಧಿಯಾಗದೆ ತಮ್ಮ ತಮ್ಮ ರೂಪದಲ್ಲಿಯೇ ಉಳಿಯುವ ಸ್ಥಿತಿಯದು. ನ್ಯಾಯದ ದೃಷ್ಟಿಯಿಂದ ಇನ್ನೊಂದು ಸಂಗತಿಯನ್ನೂ ಸೇರಿಸಬೇಕು. ೧೯೫೯ರಲ್ಲಿ ಫರ್ಶ್‌ಪಾನ್ ಮತ್ತು ಪಾಟರ್ ಎಂಬ ಸಂಶೋಧಕರು ಸಿಗಡಿಯ ಜಾತಿಯ ಪ್ರಾಣಿಯೊಂದರಲ್ಲಿ ವಿದ್ಯುತ್ತು ನೇರವಾಗಿ ಒಂದು ನರಕೋಶದಿಂದ ಇನ್ನೊಂದಕ್ಕೆ ಹರಿಯುವ ಸಿನಾಪ್ಸುಗಳನ್ನು ತೋರಿಸಿದರು. ಅಂತಹ ಕಡೆಗಳಲ್ಲಿ ಸೂಕ್ಷ್ಮ ನಾಳಗಳ ಮೂಲಕ ಎರಡು ಕೋಶಗಳ ಒಳದ್ರವಗಳು ಕೂಡುತ್ತವೆ. ಕೇಶಿರಾಜನಲ್ಲಿ ಸಂಧಿಯೂ ಇದೆ, ಪ್ರಕೃತಿಭಾವವೂ ಇದೆಯಷ್ಟೆ.

೫

ಪದವೊಂದು ಸತ್ತ ಸಿದ್ಧಾಂತವನ್ನು ಹೊತ್ತಿದೆಯೆಂದ ಮಾತ್ರಕ್ಕೆ ಅದನ್ನು ತ್ಯಜಿಸಬೇಕೆ? ಹಾಗೆ ಹೊರಟರೆ ಕನ್ನಡದಲ್ಲಿ ‘ಪಾರ್ಶ್ವವಾಯು’ವನ್ನು ಮೊದಲು ಬಿಡಬೇಕಾಗುತ್ತದೆ. ಮೈಯ ಒಂದು ಪಕ್ಕವನ್ನು ವಾಯು ಹಿಡಿಯುತ್ತದೆಂಬ ಕಲ್ಪನೆ ಅದರಲ್ಲಿದೆ. ೧೨ನೆಯ ಶತಮಾನದಲ್ಲಿ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದ ಜಗದ್ದಳ ಸೋಮನಾಥನ ಕಾಲದಲ್ಲಿ ಅದು ಜೀವಂತ ಸಿದ್ಧಾಂತವಾಗಿತ್ತು. ಇಂದು ಯಾರೂ ಗಾಳಿಯನ್ನು ನೆನೆಯುವುದಿಲ್ಲ. ಪಾರ್ಶ್ವವಾಯು ಎಂದೊಡನೆ ರೋಗಿಯನ್ನು ಆಸ್ಪತ್ರೆಗೆ ಒಯ್ಯುತ್ತಾರೆ. ಪದ ತನ್ನ ಕೆಲಸವನ್ನು ಮಾಡುತ್ತಿದೆ. ಮಲೇರಿಯವೂ ಕೆಟ್ಟ ಗಾಳಿಯೆಂಬ ಅರ್ಥದ್ದೇ, ಯಾರಿಗೂ ಅಡ್ಡಿಯಾಗಿಲ್ಲ.

ಅಪಾಯವಿರುವುದು ಬೇರೊಂದು ಜೀವಂತ ಅರ್ಥವನ್ನು ಹೊತ್ತ ಪದದಲ್ಲಿ. ಕನ್ನಡದ ಸ್ನಾಯು ಮಾಂಸಖಂಡವೆಂಬ ಅರ್ಥದಲ್ಲಿ ನಿತ್ಯ ಬಳಕೆಯಲ್ಲಿದೆ. ಅದನ್ನು ನರಕ್ಕೆ ಹಚ್ಚಿದರೆ ಏನಾಗುತ್ತದೆಂಬುದನ್ನು ನಾವು ಬಲ್ಲೆವು. ಮಜ್ಜೆ ಮರಾಠಿಯಲ್ಲಿ ನರಮಂಡಲದ ಅರ್ಥದಲ್ಲಿ ರೂಢವಾಗಿದೆ, ಅಲ್ಲಿ ಅದು ಸಾಧು. ಕನ್ನಡದಲ್ಲಿ ಮಜ್ಜೆಯೆಂದರೆ ಅಸ್ಥಿಮಜ್ಜೆ, ಮಜ್ಜೆಯ ಕಸಿ ಎಂಬ ಮಾತು ವೃತ್ತಪತ್ರಿಕೆಗಳಲ್ಲಿ ಬರುತ್ತದೆ, ಆದ್ದರಿಂದ ನರಕ್ಕೆ ಸಲ್ಲದು. ಸಂಧಿಯನ್ನು ನಾವು ಕೈಬಿಟ್ಟದ್ದು ಕೇಶಿರಾಜನ ಕಾರಣಕ್ಕಲ್ಲ. ಪುಣೆಯ ಆ ಹಿರಿಯರಲ್ಲಿ ಒಬ್ಬರಿಗಾದರೂ ಸಂಧಿವಾತವಿರುತ್ತದೆ, ನರಸಂಧಿಯೆಂದರೆ ಅವರು ಮೊಣಕಾಲನ್ನು ಮುಟ್ಟಿ ನೋಡಿಕೊಳ್ಳುತ್ತಾರೆ. ಲಿಪಿಡ್ ಎಂಬುದಕ್ಕೆ ‘ಕೊಬ್ಬು’ ಎನ್ನಬಹುದಾಗಿತ್ತು, ಆದರೆ ಮಿದುಳಿನಲ್ಲಿ ಕೊಬ್ಬು ಹೆಚ್ಚೆಂದು ವಿಜ್ಞಾನಿಯ ಉಪನ್ಯಾಸದ ಸಾರಾಂಶದಲ್ಲಿ ಬರೆದರೆ ಕನ್ನಡದಲ್ಲಿ ಅದು ಬೈಗುಳಾಗುತ್ತದೆ.

ಉಳಿದದ್ದು ನರ. ಅದಕ್ಕೂ ರಕ್ತನಾಳವೆಂಬ ಜೀವಂತ ಅರ್ಥ ಅಂಟಿಕೊಂಡಿರುವುದರಿಂದ ನಮ್ಮ ನಿಯಮದ ಪ್ರಕಾರ ಅದೂ ಅನುತ್ತೀರ್ಣವೇ. ಆದರೆ ಕಿಟ್ಟೆಲ್ಲರ ೧೮೯೪ರ ನಿಘಂಟಿನಿಂದ ಇಂದಿನ ಶಾಲಾಪಠ್ಯಗಳವರೆಗೆ ಬಂದ ಪದವನ್ನು ತೆಗೆದೊಗೆಯುವ ಅಧಿಕಾರ ಯಾರಿಗೂ ಇಲ್ಲ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ೧೯೪೮ರಲ್ಲಿ ಆರಂಭವಾದ ಸಂಸ್ಕೃತದ ಐತಿಹಾಸಿಕ ನಿಘಂಟಿನ ಯೋಜನೆಗಾಗಿ ಸಂಗ್ರಹಿಸಿದ ಲಕ್ಷಾಂತರ ಚೀಟಿಗಳನ್ನು ನೋಡಿದವರಿಗೆ, ಪದದ ಅರ್ಥವನ್ನು ಬಳಕೆಯು ನಿರ್ಧರಿಸುತ್ತದೆ, ಪಂಡಿತರು ದಾಖಲಿಸುತ್ತಾರೆ ಎಂಬ ಮಾತು ಮನದಟ್ಟಾಗುತ್ತದೆ. ಆದ್ದರಿಂದ ನರವೆಂಬ ಪದವನ್ನು ಮೊದಲ ಬಾರಿ ಬಳಸುವಾಗ ಒಂದು ವಾಕ್ಯದ ವಿವರಣೆಯನ್ನು ಸೇರಿಸಬೇಕೆಂದು ಸೂಚಿಸಿದೆವು: ರಕ್ತ ಹರಿಯುವ ನಾಳವಲ್ಲ, ಮುಟ್ಟಿದ್ದನ್ನು ಮಿದುಳಿಗೆ ತಿಳಿಸುವ ಮತ್ತು ಮಿದುಳಿನ ಆಜ್ಞೆಯನ್ನು ಮಾಂಸಖಂಡಕ್ಕೆ ಒಯ್ಯುವ ತಂತು.

ಈ ಪ್ರಶಸ್ತಿಯ ಪಟ್ಟಿಯಲ್ಲಿಯೇ ನರಮಂಡಲವನ್ನು ಕುರಿತು ದುಡಿದವರು ಇನ್ನೂ ಹಲವರಿದ್ದಾರೆ. ೨೦೦೯ರಲ್ಲಿ ಬೆಂಗಳೂರಿನ ಕೆ. ವಿಜಯರಾಘವನ್, ೨೦೧೪ರಲ್ಲಿ ಮುಂಬಯಿಯ ಶುಭಾ ತೊಳೆ, ೨೦೧೭ರಲ್ಲಿ ಬೆಂಗಳೂರಿನ ಉಪಿಂದರ್ ಭಲ್ಲಾ, ೨೦೨೨ರಲ್ಲಿ ಮುಂಬಯಿಯ ವಿದಿತಾ ವೈದ್ಯ. ಹಣ್ಣಿನ ನೊಣದಲ್ಲಿ ನರವೂ ಮಾಂಸಖಂಡವೂ ಒಂದನ್ನೊಂದು ಹೇಗೆ ಹುಡುಕಿಕೊಂಡು ಬೆಳೆಯುತ್ತವೆಂಬುದು ವಿಜಯರಾಘವನ್ ಅವರ ಅಧ್ಯಯನದ ಒಂದು ಮುಖ್ಯ ವಿಷಯ. ನರ ಮತ್ತು ಸ್ನಾಯು ಎರಡನ್ನೂ ಒಂದೇ ವಾಕ್ಯದಲ್ಲಿ ಬೇರೆಬೇರೆಯಾಗಿ ಹೇಳಲೇಬೇಕಾದ ವಿಷಯವದು. ಬಂಗಾಳಿಯ ಮೂಲದಿಂದ ಅದನ್ನು ಅನುವಾದಿಸುವವರಿಗೆ ದೇವರೇ ಗತಿ. ಮುಂದಿನ ಸಂಪುಟಗಳಲ್ಲಿ ಇವರ ಸಂಶೋಧನೆಗಳ ಪರಿಚಯವನ್ನೂ ಕನ್ನಡದಲ್ಲಿ ಬರೆಸಬೇಕೆಂಬ ಆಸೆ ನಮಗಿದೆ. ಹೊರನಾಡಿನಲ್ಲಿರುವ ಸಂಶೋಧಕ ಮಿತ್ರರು ತಮ್ಮ ಪ್ರದೇಶದ ಭಾಷೆಯಲ್ಲಿ ಈ ಪದಗಳ ರೂಢಿ ಹೇಗಿದೆಯೆಂದು ಬರೆದು ತಿಳಿಸಿದರೆ ಉಪಕಾರವಾಗುತ್ತದೆ. ಒಡಿಯಾ, ಅಸ್ಸಾಮಿ ಭಾಷೆಗಳ ಸ್ನಾಯುವಿನ ಬಗೆಗೆ ನಮಗೆ ವಿಶೇಷ ಕುತೂಹಲವಿದೆ.

ಪುಣೆಯ ವಿದ್ಯಾರ್ಥಿ ಎರಡನೆಯ ಕರಡನ್ನು ಕಳುಹಿಸಿದ್ದಾರೆ. ಸಿನಾಪ್ಸ್, ಮಯಲಿನ್, ಲಿಪಿಡ್‌ಗಳು ಕನ್ನಡ ಲಿಪಿಯಲ್ಲಿ ಹಾಗೆಯೇ ಉಳಿದಿವೆ, ನರಕೋಶ, ಬೆನ್ನುಹುರಿಗಳು ತಮ್ಮ ಸ್ಥಾನದಲ್ಲಿವೆ. ಫಾರ್ಕ್ ರೋಗದ ಮೊದಲ ಲಕ್ಷಣಕ್ಕೆ ನಾವು ಸೂಚಿಸಿದ್ದ ‘ಬಹುನರರೋಗ’ವನ್ನು ಅವರು ಒಪ್ಪಿಲ್ಲ. ಅವರ ಅಜ್ಜಿ ಅದನ್ನು ಬಹು ಜನರಿಗೆ ಬರುವ ರೋಗವೆಂದು ಓದಿಕೊಂಡರಂತೆ. ಆ ಜಾಗದಲ್ಲಿ ಈಗ ‘ಕೈಕಾಲಿನ ನರಗಳು ಕೆಡುವುದು, ಬಿಸಿ ತಣ್ಪು ತಿಳಿಯದಿರುವುದು’ ಎಂದಿದೆ.